14 ಸ್ನ್ಯಾಪ್ ಮತ್ತು ಒಂದು ಹಳದಿ ಹಾಳೆ

ಹೋದ ಭಾನುವಾರ ನಮ್ಮ ಹುಡುಗ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಲೆಕ್ಕಕ್ಕೆ ಬರುವ ಪಂದ್ಯದಲ್ಲಿ ಮೊದಲ ಸಲ ಆಡಿದ. ಒಟ್ಟು 14 ಸ್ನ್ಯಾಪ್, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾದ 14 ಸಲ ಮೈದಾನದಲ್ಲಿದ್ದ. ಚೆಂಡು ಹಿಡಿದವನನ್ನು ಕೆಡವಿದ್ದು ಒಂದೇ ಸಲ, ಅದೂ ಇನ್ನೊಬ್ಬನ ಜೊತೆ ಪಾಲು. ಅಂದಿನಿಂದ ಫೋನು, ಮೆಸೇಜು ನಿಂತಿಲ್ಲ. ಒಬ್ಬೊಬ್ಬರಿಗೂ ಉತ್ತರಿಸಲು ಆಗದ್ದರಿಂದ ಮನೆಯವರೆಲ್ಲರ ಪರವಾಗಿ ಇದೊಂದು ಬರಹ. ಅವನ ಮೊಣಕಾಲಿಗೆ ಪೆಟ್ಟಾದ ಕಥೆ ನಿಮಗೆಲ್ಲ ಗೊತ್ತು, ಅದನ್ನು ಮತ್ತೆ ಕೆದಕುವುದಿಲ್ಲ.

ಹಾಸನದಿಂದ ದೊಡ್ಡಪ್ಪ ಕೇಳಿದ್ದರು: "ಚೆಂಡೇ ಮುಟ್ಟದೆ ಆಡೋದು ಎಂಥ ಆಟ ಮಾರಾಯ?" ಕೇಳಬೇಕಾದ ಪ್ರಶ್ನೆಯೇ. ಎದುರು ತಂಡದ ಐದು ಜನ ಗೋಡೆಯಂತೆ ಕೂರುತ್ತಾರೆ: ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ಅವರಾಚೆ ಟ್ಯಾಕಲ್ ಎಂದು ಕರೆಯುವ ಇಬ್ಬರು. ನಮ್ಮವನು ನಿಲ್ಲುವುದು ಗಾರ್ಡ್‌ನ ಹೊರ ಭುಜದ ಎದುರು. ಆ ಜಾಗಕ್ಕೆ ತ್ರೀ ಟೆಕ್ನಿಕ್ ಎನ್ನುತ್ತಾರೆ. ಗಾರ್ಡ್ ಮತ್ತು ಟ್ಯಾಕಲ್ ನಡುವಿನ ಸಂದು ಅವನ ಜವಾಬ್ದಾರಿ. ಅಲ್ಲಿ ಚೆಂಡು ಹಿಡಿದವನು ನುಸುಳಿದರೆ ತಪ್ಪು ಇವನದು, ನುಸುಳದಿದ್ದರೆ ಇವನ ಹೆಸರು ಯಾರೂ ಹೇಳುವುದಿಲ್ಲ. ಇದು ಅಂಥ ಕೆಲಸ.

ಈ ಕೆಲಸ ಕಲಿಸಿದವರು ಒಹಾಯೋದ ಅವನ ಕಾಲೇಜಿನ ಲೈನ್ ಕೋಚ್, ಅಂದರೆ ಮುಂಚೂಣಿ ಸಾಲಿನವರ ತರಬೇತುದಾರ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಅವರಿಗೆ ಇಂಗ್ಲಿಷ್‌ನಲ್ಲಿ ಬೇರೆ ಪತ್ರ ಹೋಗಿದೆ. ಇದು ಅವರು ಮಾಡಿದ್ದೇನು ಎಂದು ನಮ್ಮ ಜನಕ್ಕೆ ತಿಳಿಯಲಿ ಎಂದು.

ಅವರ ಬಳಿ ನಾಲ್ಕಡಿಯ ಒಂದು ಕೋಲಿದೆ. ಅದರ ತುದಿಗೆ ಹಳೇ ಫುಟ್‌ಬಾಲೊಂದನ್ನು ಟೇಪಿನಿಂದ ಸುತ್ತಿ ಕಟ್ಟಿದ್ದಾರೆ. ಹುಡುಗರು ಮೂರು ಬಿಂದುವಿನ ಮೇಲೆ, ಅಂದರೆ ಎರಡು ಕಾಲು, ಒಂದು ಕೈ ನೆಲಕ್ಕೂರಿ ಕೂತಿರಬೇಕು. ಅವರು ಎದುರು ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕೂಗುವಂತೆ ಏನೇನೋ ಕೂಗುತ್ತಾರೆ, ದನಿ ಏರಿಸುತ್ತಾರೆ, ತಟ್ಟನೆ ನಿಲ್ಲಿಸುತ್ತಾರೆ. ಕೋಲು ಅಲುಗಿದಾಗ ಮಾತ್ರ ಏಳಬೇಕು. ದನಿಗೆ ಎದ್ದವನು ಮತ್ತೆ ಮೊದಲಿನಿಂದ. ಪಂದ್ಯದಲ್ಲಿ ಹಾಗೆ ಮೋಸಹೋಗಿ ಗೆರೆ ದಾಟಿದರೆ 5 ಗಜ ದಂಡ, ಎದುರಾಳಿಗೆ ಬೇಕಿದ್ದದ್ದು 4 ಗಜವಾಗಿದ್ದರೆ ಪುಕ್ಕಟೆ ಫಸ್ಟ್ ಡೌನ್, ಅಂದರೆ ಮತ್ತೆ ಹೊಸದಾಗಿ ನಾಲ್ಕು ಅವಕಾಶ. ಕಿವಿ ಮುಚ್ಚಿ ಕಣ್ಣು ತೆರೆಯುವುದನ್ನು ಕಲಿಯಲು ಇವನಿಗೆ ಎರಡು ಸೀಸನ್ ಹಿಡಿಯಿತು.

ಎದ್ದ ಮೇಲಿನ ಮೊದಲ ಹೆಜ್ಜೆ ಗೇಣಿಗಿಂತ ಉದ್ದ ಇರಬಾರದು. ದೊಡ್ಡ ಹೆಜ್ಜೆ ಹಾಕಿದರೆ ಗಾರ್ಡ್‌ನ ಕೈ ಬೀಳುವ ಹೊತ್ತಿಗೆ ಒಂದು ಕಾಲು ಇನ್ನೂ ಗಾಳಿಯಲ್ಲಿರುತ್ತದೆ, ಗಾಳಿಯಲ್ಲಿರುವ ಕಾಲಿಗೆ ಬಲವಿಲ್ಲ. ಕೈಗಳು ಗಾರ್ಡ್‌ನ ಎದೆಯ ನಡುಭಾಗಕ್ಕೆ, ಹೆಬ್ಬೆರಳು ಮೇಲೆ, ಮೊಣಕೈ ಪಕ್ಕೆಗೆ ಅಂಟಿಕೊಂಡಿರಬೇಕು. ಮೊಣಕೈ ಅಗಲಿಸಿದರೆ ನಮ್ಮ ಎದೆ ಅವನಿಗೆ ಸಿಕ್ಕಿತು ಎಂದೇ ಅರ್ಥ. ಗಾರ್ಡ್, ಟ್ಯಾಕಲ್ ಇಬ್ಬರೂ ಸೇರಿ ಮೇಲೆ ಬಿದ್ದಾಗ ಹುಡುಗರು ಸಾಮಾನ್ಯವಾಗಿ ಭುಜ ತಿರುಗಿಸಿ ನಡುವೆ ತೂರಲು ನೋಡುತ್ತಾರೆ, ಹಾಗೆಯೇ ಐದು ಗಜ ಹಿಂದಕ್ಕೆ ಹೋಗುತ್ತಾರೆ. ಸೊಂಟ ಇಳಿಸಿ, ಟ್ಯಾಕಲ್ ಕಡೆಯ ಮೊಣಕಾಲನ್ನು ಹೆಚ್ಚುಕಡಿಮೆ ನೆಲಕ್ಕೆ ತಾಗಿಸಿ, ಇದ್ದಲ್ಲೇ ಬೇರು ಬಿಡುವುದನ್ನು ಕಲಿಸಿದ್ದು ಈ ಕೋಚ್. ಆ ಮೊಣಕಾಲಿನ ಮೇಲೆ ಮತ್ತೆ ನಂಬಿಕೆ ಬರಿಸಿದ್ದೂ ಅವರೇ.

ಅವನ ಎತ್ತರ 6 ಅಡಿ 1 ಅಂಗುಲವೂ ತುಂಬುವುದಿಲ್ಲ, ತೋಳು 33 ಅಂಗುಲಕ್ಕೆ ಸ್ವಲ್ಪ ಕಡಿಮೆ. ತಂಡಗಳಿಗಾಗಿ ಆಟಗಾರರನ್ನು ಅಳೆದು ನೋಡುವ ಸ್ಕೌಟ್‌ಗಳ ಹಾಳೆಯಲ್ಲಿ ಇವೆರಡೂ ಕೆಂಪು ಗುರುತು. ಎಲ್ಲರೂ ಸಮಾಧಾನಕ್ಕೆ ಇದೇ ಜಾಗದ ಹೆಸರಾಂತ ಆಟಗಾರ ಆರನ್ ಡೊನಾಲ್ಡ್ ಹೆಸರು ತೆಗೆಯುತ್ತಿದ್ದರು. ಅವರದೂ ಹೆಚ್ಚುಕಡಿಮೆ ಇದೇ ಅಳತೆ, 129 ಕಿಲೋ ತೂಕ, 2014ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಲ್ಲಿ, 13ನೆಯವರಾಗಿ ಆಯ್ಕೆಯಾಗಿ ಮೂರು ಸಲ ವರ್ಷದ ಶ್ರೇಷ್ಠ ಡಿಫೆನ್ಸಿವ್ ಆಟಗಾರ ಎನಿಸಿದವರು. ಕೋಚ್ ಮಾತ್ರ ಆ ಹೋಲಿಕೆ ಬೇಡವೆಂದರು. ಅಷ್ಟು ತೂಕ ಹೊತ್ತು 40 ಗಜವನ್ನು 4.68 ಸೆಕೆಂಡಿನಲ್ಲಿ ಓಡುವವರನ್ನು ತೋರಿಸಿ ಹುಡುಗನಿಗೆ ಆಸೆ ಹಚ್ಚುವುದು ಅನ್ಯಾಯ ಎಂಬುದು ಅವರ ವಾದ. ಅವರು ತೋರಿಸುತ್ತಿದ್ದದ್ದು ಜಾನ್ ರ‍್ಯಾಂಡಲ್ ಅವರನ್ನು: 1990ರಲ್ಲಿ ಯಾವ ತಂಡವೂ ಆರಿಸದೆ, ಟೆಕ್ಸಸ್ ಎ ಅಂಡ್ ಐ ಎಂಬ ಸಣ್ಣ ಕಾಲೇಜಿನಿಂದ ಮಿನೆಸೋಟ ವೈಕಿಂಗ್ಸ್‌ಗೆ ಹೋಗಿ, 137.5 ಸ್ಯಾಕ್ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಗಳಿಸಿ, 2010ರಲ್ಲಿ ಹಾಲ್ ಆಫ್ ಫೇಮ್ ಸೇರಿದವರು. ಅದೂ ದೊಡ್ಡ ಹೋಲಿಕೆಯೇ ಅನ್ನಿ. ಆದರೆ ಆ ಬಾಗಿಲು ಇದೆ ಎಂದು ಹುಡುಗನಿಗೆ ಮೊದಲೇ ಗೊತ್ತಿರಲಿ ಎಂದು.

ಸ್ಕೌಟ್‌ಗಳು ಆಟಗಾರರನ್ನು ಒಟ್ಟಿಗೆ ಪರೀಕ್ಷಿಸುವ ಇಂಡಿಯಾನಾಪೊಲಿಸ್‌ನ ಕಂಬೈನ್‌ಗೆ ಕರೆ ಬರಲಿಲ್ಲ. ಉಳಿದದ್ದು ಮಾರ್ಚ್‌ನಲ್ಲಿ ಕಾಲೇಜಿನಲ್ಲೇ ನಡೆಯುವ ಅಂಥದೇ ಪರೀಕ್ಷೆ, ಪ್ರೊ ಡೇ. ಇವನಂಥ ಒಳಗಿನ ಲೈನ್‌ಮನ್‌ಗೆ 40 ಗಜದ ಓಟಕ್ಕಿಂತ ಅದರ ಮೊದಲ 10 ಗಜ ಮುಖ್ಯ, 1.70 ಸೆಕೆಂಡಿನ ಆಸುಪಾಸು ಬಂದರೆ ಸ್ಕೌಟ್ ಪೆನ್ನು ತೆಗೆಯುತ್ತಾರೆ. ಅಲ್ಲಿ ಕೆಡುವುದು ಮೊದಲ ಹೆಜ್ಜೆಗೇ ಬೆನ್ನು ನೆಟ್ಟಗಾಗುವುದರಿಂದ. ಮಲಗಿ ಭಾರ ಎತ್ತುವ ಬೆಂಚ್ ಪ್ರೆಸ್‌ನಲ್ಲಿ 225 ಪೌಂಡ್, ಅಂದರೆ 102 ಕಿಲೋ, ಎಷ್ಟು ಸಲ ಎತ್ತುತ್ತಾರೆ ಎಂಬುದು ಲೆಕ್ಕ. ಕೋಚ್ ಅಭ್ಯಾಸದಲ್ಲಿ ಮೊಣಕೈ ಪೂರ್ತಿ ನೇರವಾಗುವಂತೆ ಎತ್ತಿದ್ದನ್ನಷ್ಟೇ ಎಣಿಸುತ್ತಿದ್ದರು, ಹಾಗಾಗಿ ಅವನ 26 ಅವರ ಎಣಿಕೆಯಲ್ಲಿ 21 ಆಗುತ್ತಿತ್ತು. ಪ್ರೊ ಡೇಯಲ್ಲಿ ಒಂದೂ ತಿರಸ್ಕಾರವಾಗಲಿಲ್ಲ.

ಇನ್ನು ಆ ಶನಿವಾರ.

2025ರ ಏಪ್ರಿಲ್ 26, ಡ್ರಾಫ್ಟಿನ ಮೂರನೇ ದಿನ, ನಾಲ್ಕರಿಂದ ಏಳನೇ ಸುತ್ತು. ಗ್ರೀನ್ ಬೇಯಲ್ಲಿ 257ನೇ ಹೆಸರು ಓದಿ ಮುಗಿಸಿದರು, ಇವನದಿರಲಿಲ್ಲ. ಅದು ನಿರೀಕ್ಷಿತವೇ. ಆರಿಸದೆ ಉಳಿದವರಿಗೆ ಒಂದು ಅನುಕೂಲವಿದೆ: ಏಳನೇ ಸುತ್ತಿನಲ್ಲಿ ಆಯ್ಕೆಯಾದವನು ಕರೆದ ಕಡೆ ಹೋಗಲೇಬೇಕು, ಇವರು ತಂಡವನ್ನು ತಾವೇ ಆರಿಸಬಹುದು. ಅದಕ್ಕೆಂದೇ ಕೋಚ್ ವಾರದ ಹಿಂದೆ ಹಳದಿ ಹಾಳೆಯ ಮೇಲೆ 32 ತಂಡಗಳ ಪಟ್ಟಿ ಬರೆದಿದ್ದರು. ಮೂರು ಕಾಲಂ. ಒಳಗಿನ ಲೈನ್‌ಮನ್‌ಗಳು ಈಗಾಗಲೇ ಎಷ್ಟು ಜನ ಇದ್ದಾರೆ. ಅವರಲ್ಲಿ ಗ್ಯಾರಂಟಿ ಹಣ ಇರುವವರೆಷ್ಟು, ಏಕೆಂದರೆ ಅಂಥವರನ್ನು ಕೈಬಿಟ್ಟರೆ ತಂಡಕ್ಕೇ ನಷ್ಟ. ಮೂರನೆಯದು, ಆ ತಂಡ ಲೈನ್‌ಮನ್‌ಗೆ ಒಂದು ಸಂದು ಕೊಡುತ್ತದೆಯೋ ಎರಡೋ. ಎರಡು ಸಂದು ಕಾಯಲು ಉದ್ದ ತೋಳಿನ ಭಾರೀ ಆಳು ಬೇಕು. ಚುರುಕಾದ ಗಿಡ್ಡನಿಗೆ ಒಂದು ಸಂದಿನ ತಂಡವೇ ಸರಿ.

ಮೊದಲ ಕರೆ ಹತ್ತೇ ನಿಮಿಷದಲ್ಲಿ ಬಂತು. 20,000 ಡಾಲರ್ ಸಹಿ ಬೋನಸ್. ಹಾಳೆಯಲ್ಲಿ ಆ ತಂಡದ ಮುಂದೆ 11 ಜನ, ನಾಲ್ವರಿಗೆ ಗ್ಯಾರಂಟಿ, ಎರಡು ಸಂದು. ಕೋಚ್ ತಲೆ ಅಲ್ಲಾಡಿಸಿದರು. ಏಜೆಂಟ್ ಹಿಂದೆ ಮುಂದೆ ನೋಡಿದರು. ಹುಡುಗ ಬೇಡ ಎಂದುಬಿಟ್ಟ. ಏಳನೇ ಸುತ್ತಿನ ಹೊತ್ತಿಗೆ "ಫೋನ್ ಖಾಲಿ ಇಟ್ಟಿರು" ಎಂದಿದ್ದ ಇನ್ನೊಂದು ತಂಡಕ್ಕೆ ಕರೆ ಮಾಡಿದರೆ ಅವರ ಜಾಗ ತುಂಬಿತ್ತು. ಆಮೇಲೆ ಯಾವ ಫೋನೂ ಬರಲಿಲ್ಲ. ಎಂಟು, ಒಂಬತ್ತು, ಹತ್ತು.

ಬಂದಿದ್ದ ನೆಂಟರಿಷ್ಟರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿದರು, ಹೋಗಿ ಬರ್ತೀವಿ ಅನ್ನಲೂ ಸಂಕೋಚ. ಅವನು ಊಟದ ಮೇಜಿನ ಮೇಲೆ ಫೋನ್ ಬೋರಲು ಹಾಕಿ ಕೂತಿದ್ದ. ಅವನ ಮುಖ ನೋಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅದನ್ನು ಒಪ್ಪಿಕೊಳ್ಳಲು ಈಗಲೂ ನಾಚಿಕೆ. ಕೋಚ್ ಮಾತ್ರ ಎದುರಿಗೆ ಕುರ್ಚಿ ಎಳೆದು ಕೂತರು. "ಬೇಡ ಅನ್ನಿಸಿದ್ದು ನಾನು. ತಪ್ಪಾಗಿದ್ದರೆ ತಪ್ಪು ನನ್ನದು, ನಿನ್ನದಲ್ಲ," ಎಂದರು. ಆಮೇಲೆ ಲ್ಯಾಪ್‌ಟಾಪ್ ತೆರೆದು ಅವನ ಕೊನೇ ಸೀಸನ್ನಿನಿಂದ 14 ಆಟ ಕತ್ತರಿಸಿ ಎರಡು ನಿಮಿಷದ ವಿಡಿಯೋ ಮಾಡಿದರು. ಸ್ಯಾಕ್‌ಗಳು ಅದರಲ್ಲಿ ಎರಡೇ. ಉಳಿದವೆಲ್ಲ ಇಬ್ಬರು ಮೇಲೆ ಬಿದ್ದರೂ ಅವನು ಜಾಗ ಬಿಡದ ಆಟಗಳು. ಸ್ಯಾಕ್ ಎಲ್ಲರೂ ಕಳಿಸುತ್ತಾರೆ, ಲೈನ್ ಕೋಚ್ ನೋಡುವುದು ಇದನ್ನೇ ಎಂದರು. ಹಾಳೆಯಲ್ಲಿ 7 ಜನ, ಒಂದು ಸಂದು ಎಂದಿದ್ದ ತಂಡಕ್ಕೆ ಅದು ಹೋಯಿತು.

ಹನ್ನೊಂದಕ್ಕೆ ಬೇರೊಂದು ತಂಡ ಒಪ್ಪಂದವಿಲ್ಲದೆ ಬರೀ ಟ್ರೈಔಟ್‌ಗೆ ಕರೆಯಿತು. ಅವರಿಗೆ ಬೆಳಿಗ್ಗೆ ಹೇಳುತ್ತೇವೆ ಎಂದದ್ದೂ ಕೋಚ್ ಮಾತಿನ ಮೇಲೆಯೇ. ಒಂದು ಗಂಟೆ ದಾಟಿದ ಮೇಲೆ ವಿಡಿಯೋ ಹೋಗಿದ್ದ ತಂಡದಿಂದ ಫೋನ್: ಮೂರು ವರ್ಷದ ಒಪ್ಪಂದ, 5,000 ಡಾಲರ್ ಬೋನಸ್. ಕೋಚ್ ಹೊರಟಾಗ ಎರಡೂವರೆ. ಮೊದಲಿನ 20,000 ತೆಗೆದುಕೊಳ್ಳಬೇಕಿತ್ತೇ? ಇವತ್ತಿಗೂ ಯಾರೂ ಹೇಳಲಾರರು.

ಬೇಸಿಗೆಯಿಡೀ ಅವನು ಹೆಣಗಿದ್ದು ಮೈದಾನದ ಒಂದು ಸಣ್ಣ ವ್ಯತ್ಯಾಸದ ಜೊತೆ. ಆಟ ಶುರುವಾಗುವ ಒಳಗೆರೆಗಳ ನಡುವೆ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ. ಕಾಲೇಜಿನಲ್ಲಿ ಚೆಂಡು ಎಷ್ಟೋ ಸಲ ಒಂದು ಮಗ್ಗುಲಿಗೆ ಇರುವುದರಿಂದ ಓಟ ಯಾವ ಕಡೆ ಎಂದು ಊಹಿಸಿ ವಾಲಬಹುದು. ಇಲ್ಲಿ ಎರಡೂ ಕಡೆ ಬಹುತೇಕ ಸಮ, ವಾಲಿದವನು ಕೆಟ್ಟ. ಪ್ರೊ ಡೇ ಮುಗಿದ ಮರುದಿನದಿಂದಲೇ ಕೋಚ್ ಸುಣ್ಣ ಬಳಿದು ಒಳಗೆರೆಗಳನ್ನು ಹತ್ತಿರ ಎಳೆದಿದ್ದರು, ಆದರೂ ಹಳೇ ಚಾಳಿ ಬಿಡಲು ಜುಲೈ ಬೇಕಾಯಿತು.

ಆಗಸ್ಟ್ 26ರಂದು 90 ಜನರ ತಂಡಗಳು 53ಕ್ಕೆ ಇಳಿದವು. ಸಾವಿರಕ್ಕೂ ಹೆಚ್ಚು ಆಟಗಾರರ ಜೊತೆ ಇವನನ್ನೂ ಬಿಟ್ಟರು. ಮರುದಿನ ಬೇರೆ ಯಾರೂ ಎತ್ತಿಕೊಳ್ಳದಾಗ ಅದೇ ತಂಡದ 16 ಜನರ ಪ್ರಾಕ್ಟೀಸ್ ಸ್ಕ್ವಾಡ್‌ಗೆ, ಅಂದರೆ 53ರ ಹೊರಗಿದ್ದು ತಂಡದ ಜೊತೆ ಅಭ್ಯಾಸ ಮಾಡುವವರ ಗುಂಪಿಗೆ, ಕರೆದರು. 2025ರಲ್ಲಿ ಆ ಸಂಬಳ ವಾರಕ್ಕೆ 13,000 ಡಾಲರ್. ಕೇಳಲು ಚೆಂದ, ಆದರೆ ಯಾವ ವಾರ ಬೇಕಾದರೂ ಗಂಟುಮೂಟೆ ಕಟ್ಟಿಸಬಹುದು. ದಯವಿಟ್ಟು ಮನೆ ಯಾವಾಗ ಕೊಳ್ಳುತ್ತೀರಿ ಎಂದು ಕೇಳಬೇಡಿ.

ಭಾನುವಾರಕ್ಕೊಮ್ಮೆ ಡಬ್ಬಿಗಟ್ಟಲೆ ಕೋಳಿ, ಮೊಟ್ಟೆ, ಗಟ್ಟಿ ಮೊಸರು ತುಂಬಿ ಕಳಿಸಿದ ಚಿಕ್ಕಮ್ಮನಿಗೆ, ಕಣಕಾಲಿಗೆ ಟೇಪ್ ಸುತ್ತುವುದನ್ನು ಅವನಿಗೇ ಕಲಿಸಿಕೊಟ್ಟ ಫಿಸಿಯೋಗೆ, ಜಿಮ್ಮಿನ ಬೀಗದ ಕೈ ಕೊಟ್ಟವರಿಗೆ, ಬೇಸರವಿಲ್ಲದೆ ಕಾದ ಏಜೆಂಟರಿಗೆ, ದೇವರಿಗೆ ಹರಕೆ ಹೊತ್ತ ಊರಿನ ಎಲ್ಲರಿಗೂ ನಮಸ್ಕಾರ.

ಪ್ರಾಕ್ಟೀಸ್ ಸ್ಕ್ವಾಡ್‌ನಿಂದ ಒಬ್ಬನನ್ನು ಸೀಸನ್ನಿಗೆ ಮೂರು ಸಲ ಮಾತ್ರ, ಹೋದ ಭಾನುವಾರ ಇವನನ್ನು ಏರಿಸಿದಂತೆ, ಪಂದ್ಯಕ್ಕೆ ಏರಿಸಬಹುದು. ಒಂದು ಆಯಿತು, ಇನ್ನೆರಡು ಉಳಿದಿವೆ. ನಾಲ್ಕನೆಯದಕ್ಕೆ ಬೇಕೆಂದರೆ 53ರೊಳಗೆ ಸೇರಿಸಿಕೊಳ್ಳಲೇಬೇಕು. ದೊಡ್ಡಪ್ಪ, ಮುಂದಿನ ಸಲ ಟಿವಿಯಲ್ಲಿ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಗಾರ್ಡ್‌ನ ಹೊರ ಭುಜ ನೋಡಿ. ಇಬ್ಬರು ಸೇರಿ ಒಬ್ಬನನ್ನು ತಳ್ಳುತ್ತಿದ್ದು, ಅವನು ಅಲ್ಲೇ ಇದ್ದರೆ, ಅವನೇ ನಮ್ಮವನು.