ಪುಸ್ತಕ ಮುಚ್ಚಿ ಬರೆ

ಪ್ರೀತಿಯ ಪುಟ್ಟಿ,

ದೊಡ್ಡಪ್ಪನ ಆಶೀರ್ವಾದಗಳು. ಮೊನ್ನೆ ಮನೆಗೆ ಬಂದಾಗ ನಿನ್ನ ಸೆಕೆಂಡ್ ಪಿಯುಸಿ ಕೆಮಿಸ್ಟ್ರಿ ನೋಟ್ಸ್ ನೋಡಿದೆ. ಅಕ್ಷರ ಮುತ್ತಿನ ಹಾಗಿದೆ. ಆದರೆ ಸಲ್ಯೂಷನ್ಸ್ ಪಾಠದ 12 ಪುಟದಲ್ಲಿ ನಿನ್ನದೇ ಮಾತು ಒಂದೂ ಕಾಣಲಿಲ್ಲ. ಎಲ್ಲಾ ಪುಸ್ತಕದ ಸಾಲುಗಳೇ. ಆಸ್ಮಾಸಿಸ್ ಅಂದ್ರೆ ಏನು ಅಂತ ಕೇಳಿದ್ದಕ್ಕೆ ಗಡಗಡ ಒಪ್ಪಿಸಿದೆ. ಉಪ್ಪು ಬೆರೆಸಿಟ್ಟ ಮಾವಿನಕಾಯಿ ಹೋಳು ಯಾಕೆ ನೀರು ಬಿಡುತ್ತೆ ಅಂದಾಗ ಸುಮ್ಮನಾದೆ. ಅದೇ ಮನಸ್ಸಿನಲ್ಲಿ ಉಳಿದಿದೆ.

ನಾನೂ ಹಾಗೇ ಓದಿದವನು. ಮೇಷ್ಟ್ರು ನೋಟ್ಸ್ ಹೇಳಿ ಬರೆಸುತ್ತಿದ್ದರು, ನಾವು ಉರು ಹೊಡೆಯುತ್ತಿದ್ದೆವು. ಪರೀಕ್ಷೆಯಲ್ಲಿ ನಡುವಿನ ಒಂದು ಪದ ಮರೆತೆ. ಅದರ ಹಿಂದೆಯೇ ಇಡೀ ಉತ್ತರ ಹೋಯಿತು. ನಿನಗೆ ಹಾಗಾಗಬಾರದು.

ಒಂದು ಭಾಗ ಓದು, ಪುಸ್ತಕ ಮುಚ್ಚು, ಆಮೇಲೆ ಪೆನ್ನು ಹಿಡಿ. ಪುಸ್ತಕ ತೆರೆದಿದ್ದರೆ ಕಣ್ಣು ಅಲ್ಲಿಗೇ ಓಡುತ್ತೆ, ಕೈ ಸುಮ್ನೆ ನಕಲು ಮಾಡುತ್ತೆ. ಆಸ್ಮಾಸಿಸ್ ಅಂದ್ರೆ ಏನು ಅಂತ ತಂಗಿಗೆ ಹೇಳಿಕೊಡುವ ಹಾಗೆ ಬರೆ: 'ಹೋಳಿನ ಹೊರಗೆ ಉಪ್ಪು ಜಾಸ್ತಿ, ಒಳಗೆ ಕಡಿಮೆ. ನಡುವೆ ತೆಳ್ಳಗಿನ ಪೊರೆ. ಅದು ನೀರನ್ನು ಬಿಡುತ್ತೆ, ಉಪ್ಪನ್ನು ಸುಲಭಕ್ಕೆ ಬಿಡಲ್ಲ. ಅದಕ್ಕೇ ನೀರು ಉಪ್ಪಿನ ಕಡೆ ಹೋಗುತ್ತೆ, ಹೋಳು ಸುಕ್ಕಾಗುತ್ತೆ.' ಪಕ್ಕದಲ್ಲಿ ಒಂದು ಭರಣಿ ಬಿಡಿಸಿ ಬಾಣದ ಗುರುತು ಹಾಕು, ಸಾಕು. ಬರೆಯುತ್ತಾ ಎಲ್ಲಿ ತಡೆಯಿತೋ ಅಲ್ಲಿ ಮಾರ್ಜಿನ್ನಿನಲ್ಲಿ ಪ್ರಶ್ನೆ ಗುರುತು ಹಾಕು. ಅರ್ಥವಾಗದೆ ಉಳಿದದ್ದು ಆ ಜಾಗವೇ. ಪುಸ್ತಕ ತೆರೆಯುವುದು ಆಗ.

ಕನ್ನಡದಲ್ಲೇ ಬರೆದುಕೊಂಡರೂ ತಪ್ಪಿಲ್ಲ. ಉತ್ತರ ಇಂಗ್ಲಿಷಿನಲ್ಲಿ ಬರೆಯಬೇಕು, ನಿಜ. ಆದರೆ ನಮಗೆ ಮೊದಲು ತಿಳಿಯೋದು ಮನೆಮಾತಿನಲ್ಲೇ ಅಲ್ವಾ? ವ್ಯಾಖ್ಯೆ, ಸೂತ್ರಗಳನ್ನು ಮಾತ್ರ ಪುಸ್ತಕದಲ್ಲಿದ್ದ ಹಾಗೇ ಒಂದು ಚೌಕದೊಳಗೆ ಬರೆದಿಡು. ಅಲ್ಲಿ ಒಂದು ಪದ ಆಚೀಚೆ ಆದರೂ ಅರ್ಥ ಕೆಡುತ್ತೆ.

ಮುಂದಿನ ಎಲೆಕ್ಟ್ರೋಕೆಮಿಸ್ಟ್ರಿ ಪಾಠದಲ್ಲಿ ಫ್ಯಾರಡೆಯ ನಿಯಮ ಬರುತ್ತಲ್ಲ, ಆ ಫ್ಯಾರಡೆ ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಆಗಿನ ಹೆಸರಾಂತ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಹೋದ. ಅಲ್ಲಿ ಗುರುತು ಹಾಕಿಕೊಂಡದ್ದನ್ನು ಮನೆಯಲ್ಲಿ ಕೂತು ಬಿಡಿಸಿ ಬರೆದ, ಚಿತ್ರಗಳನ್ನೂ ಸೇರಿಸಿದ. ಸುಮಾರು 300 ಪುಟ ಆಯಿತು. ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. 1813ರಲ್ಲಿ ಡೇವಿಯ ಕೈಕೆಳಗೆ ಸಹಾಯಕನಾಗಿ ಸೇರಿದ. ಆ ನೋಟ್ಸ್ ನೆನೆದಾಗೆಲ್ಲ ನನಗೆ ಮೈ ಜುಮ್ ಅನ್ನುತ್ತೆ.

ಹಳೆಯ 12 ಪುಟವನ್ನು ಮತ್ತೆ ಬರೆಯಬೇಡ, ಅದಕ್ಕೆ ಈಗ ಹೊತ್ತಿಲ್ಲ. ಹೊಸ ಪಾಠದಿಂದ ಶುರು ಮಾಡು. ಬರುವ ಭಾನುವಾರ ಬರುತ್ತೇನೆ, ಎರಡು ಪುಟ ಬರೆದಿಡು. ಪ್ರಶ್ನೆ ಗುರುತು ಎಷ್ಟಿದ್ದರೂ ಅಳಿಸಬೇಡ, ಒಟ್ಟಿಗೆ ಕೂತು ನೋಡೋಣ.

ಇತಿ,
ನಿನ್ನ ದೊಡ್ಡಪ್ಪ