ಅಪ್ಪನ ಆಪರೇಷನ್‌ಗೆ ಮುಂಚೆ ಓದಿ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅಣ್ಣನಿಗೂ ವೈನಿಗೂ,

ಅಪ್ಪ, ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ. ನಾವಿಲ್ಲಿ ಆರಾಮಾಗಿದ್ದೇವೆ.

ಅಪ್ಪನ ಮೊಣಕಾಲು ಬದಲಿಸುವ ಆಪರೇಷನ್ ಬೆಳಗಾವಿಯಲ್ಲೇ ಅಂತ ಗಟ್ಟಿಯಾಯಿತಲ್ಲ, ಒಳ್ಳೆಯದಾಯಿತು. ಕಬ್ಬಿನ ಹೊಲದ ಬದುವಿನ ಮೇಲೆ ಕೋಲೂರಿಕೊಂಡು ನಡೆಯುವುದನ್ನು ವಿಡಿಯೋದಲ್ಲಿ ನೋಡಿದಾಗಲೇ ನನಗೆ ಸಂಕಟವಾಗಿತ್ತು. ದವಾಖಾನೆಯಲ್ಲಿ ಅಪ್ಪನಿಗೆ ಸೋಂಕು ತಗಲದಂತೆ ನೋಡಿಕೊಳ್ಳುವ ವಿಷಯ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಫೋನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಲೇ ಇರುತ್ತದೆ, ಯಾವ ಮಾತೂ ಪೂರ್ತಿ ಆಗುವುದಿಲ್ಲ. ವೈನಿ, ಇದನ್ನು ನೀವು ಕೊನೆಯವರೆಗೂ ಓದಲೇಬೇಕು. ದವಾಖಾನೆಯಲ್ಲಿ ಅಪ್ಪನ ಹತ್ತಿರ ಹಗಲು ರಾತ್ರಿ ಇರುವವರು ನೀವೇ ಅಲ್ವಾ?

ಆಪರೇಷನ್ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಮೊಣಕಾಲು ಬದಲಿಸುವುದು ಈಗ ಎಲ್ಲ ಕಡೆ ನಡೆಯುವ ಕೆಲಸ. ನನ್ನ ಚಿಂತೆ ದವಾಖಾನೆಯೊಳಗೆ ಓಡಾಡುವ ಬ್ಯಾಕ್ಟೀರಿಯಾಗಳದು. ಅವುಗಳಲ್ಲಿ ಕೆಲವು ಯಾವ ಆಂಟಿಬಯೋಟಿಕ್‌ಗೂ ಸುಲಭವಾಗಿ ಬಗ್ಗುವುದಿಲ್ಲ. ಅಪ್ಪನ ಕಾಲಿನೊಳಗೆ ಲೋಹ ಕೂರಿಸುತ್ತಾರೆ. ಬ್ಯಾಕ್ಟೀರಿಯಾ ಒಮ್ಮೆ ಆ ಲೋಹದ ಮೇಲೆ ಕೂತರೆ ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಆಮೇಲೆ ಔಷಧ ಅಲ್ಲಿಗೆ ಸರಿಯಾಗಿ ಮುಟ್ಟುವುದೇ ಇಲ್ಲ. ಕೆಲವು ಸಲ ಹಾಕಿದ ಕೀಲನ್ನೇ ತೆಗೆದು ಮತ್ತೆ ಶುರುಮಾಡಬೇಕಾಗುತ್ತದೆ.

ನಮ್ಮೂರಲ್ಲಿ ಒಂದು ಮಾತಿದೆ: "ಅವನ ಮೈಗೆ ಗುಳಿಗೆ ಒಗ್ಗಿ ಹೋಗ್ಯಾವ, ಈಗ ಪವರ್ ಜಾಸ್ತಿ ಇರೋದು ಬೇಕು." ಒಗ್ಗುವುದು ಮೈಗಲ್ಲ ಅಣ್ಣ, ಬ್ಯಾಕ್ಟೀರಿಯಾಗೆ. ನಿನ್ನ ಹೊಲದಲ್ಲಿ ವರ್ಷವೂ ಒಂದೇ ಕಳೆನಾಶಕ ಹೊಡೆದರೆ ಏನಾಗುತ್ತದೆ? ಸಾಯುವ ಕಳೆ ಸಾಯುತ್ತದೆ. ತಡೆದುಕೊಂಡ ನಾಲ್ಕು ಗಿಡ ಬೀಜ ಬಿಟ್ಟು ಹೊಲ ತುಂಬುತ್ತವೆ. ಇಲ್ಲೂ ಹಾಗೇ, ಬೆಳೆಯುವ ವೇಗ ಮಾತ್ರ ಬೇರೆ. ಇ. ಕೋಲಿಯಂಥ ಬ್ಯಾಕ್ಟೀರಿಯಾಗೆ ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೆ ಒಂದು ಇದ್ದದ್ದು ಎರಡಾಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಔಷಧ ತಡೆಯುವ ಗುಣ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದಲ್ಲಿ ಇರಬಹುದು. ಅದನ್ನು ಒಂದು ಬ್ಯಾಕ್ಟೀರಿಯಾ ಪಕ್ಕದ್ದಕ್ಕೆ ದಾಟಿಸುತ್ತದೆ, ಬೇರೆ ಜಾತಿಯದಕ್ಕೂ ದಾಟಿಸುತ್ತದೆ. ಹಾಗಾಗಿ ಜೀವನದಲ್ಲಿ ಆಂಟಿಬಯೋಟಿಕ್ ಮುಟ್ಟದವರಿಗೂ ಮೊಂಡು ಬ್ಯಾಕ್ಟೀರಿಯಾ ಅಂಟಬಹುದು. "ನಮ್ಮ ಅಪ್ಪ ಒಂದೂ ಗುಳಿಗೆ ತಗೊಂಡಿಲ್ಲ, ಅವರಿಗೇನಾಗುತ್ತದೆ" ಅಂತ ಕೂರುವ ಹಾಗಿಲ್ಲ.

ಇಲ್ಲಿ ನಾನು ಕೆಲಸ ಮಾಡುವ ದವಾಖಾನೆಯ ವಾರ್ಡಿಗೆ ಈಚೆಗೆ ಒಬ್ಬ ಹಿರಿಯರು ಬಂದಿದ್ದರು. ಗುಜರಾತಿನವರು, ಇಲ್ಲೇ ನೆಲೆಸಿದವರು. ಊರಿಗೆ ಹೋದಾಗ ಬಿದ್ದು, ಅಲ್ಲಿಯ ದವಾಖಾನೆಯಲ್ಲಿ ಕೆಲವು ದಿನ ಇದ್ದರಂತೆ. ಕಳೆದ ಒಂದು ವರ್ಷದಲ್ಲಿ ಹೊರದೇಶದ ದವಾಖಾನೆಯಲ್ಲಿ ದಾಖಲಾಗಿದ್ದವರನ್ನು ಇಲ್ಲಿ ಮೊದಲು ಒಂಟಿ ಕೋಣೆಗೆ ಹಾಕುತ್ತಾರೆ. ಮಲದ ಸ್ವಾಬ್ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅವರಿಗೆ ಸಿಟ್ಟು ಬಂತು. "ನಾನೇನು ಕಳ್ಳನಾ, ಒಬ್ಬನನ್ನೇ ಕೂಡಿಹಾಕಲು?" ಅಂತ ಹಿಂದಿಯಲ್ಲಿ ನನ್ನನ್ನೇ ಕೇಳಿದರು. ರಿಪೋರ್ಟಿನಲ್ಲಿ ಮೊಂಡು ಬ್ಯಾಕ್ಟೀರಿಯಾ ಇದೆ ಅಂತಲೇ ಬಂತು. ಆದರೆ ಅವರಿಗೆ ಜ್ವರವಿಲ್ಲ, ನೋವಿಲ್ಲ. ಕರುಳಿನಲ್ಲಿ ಅದು ಸುಮ್ನೆ ಕೂತಿತ್ತು, ಅಷ್ಟೇ. ಅದು ಕರುಳಿನಲ್ಲಿರುವಷ್ಟು ದಿನ ಏನೂ ಮಾಡುವುದಿಲ್ಲ. ಮೂತ್ರದ ನಳಿಗೆಯಿಂದಲೋ, ಗಾಯದಿಂದಲೋ, ಸಲೈನ್ ಹಚ್ಚಿದ ಜಾಗದಿಂದಲೋ ಒಳಗೆ ಹೋದರೆ ಕಷ್ಟ. ಪಕ್ಕದ ಪೇಶಂಟಿಗೆ ದಾಟಿದರೂ ಕಷ್ಟ.

ಹೀಗಂದ ಮಾತ್ರಕ್ಕೆ ಇಲ್ಲಿಯದೆಲ್ಲ ಚೊಕ್ಕಟ, ನಮ್ಮದೆಲ್ಲ ಕೊಳಕು ಅಂತ ತಿಳಿಯಬೇಡ. ಎಂಆರ್‌ಎಸ್‌ಎ ಎಂಬ ಮೊಂಡು ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾ ಮೊದಲು ವರದಿಯಾದದ್ದು 1961ರಲ್ಲಿ, ಇದೇ ಇಂಗ್ಲೆಂಡಿನಲ್ಲಿ. ಮುಂದೆ ಅದು ಇಲ್ಲಿಯ ದವಾಖಾನೆಗಳನ್ನೇ ಹಿಡಿದು ಅಲ್ಲಾಡಿಸಿತು. ರಕ್ತದಲ್ಲಿ ಅದು ಕಂಡರೆ ಪ್ರತಿ ದವಾಖಾನೆಯೂ ಲೆಕ್ಕ ಕೊಡಲೇಬೇಕು ಅಂತ 2001ರಲ್ಲಿ ಕಡ್ಡಾಯ ಮಾಡಿದರು. ಆ ಲೆಕ್ಕ ಎಲ್ಲರಿಗೂ ಕಾಣುವ ಹಾಗೆ ಪ್ರಕಟವಾಗುತ್ತದೆ. ನಾಚಿಕೆಗೋ ಭಯಕ್ಕೋ, ಕೈ ತೊಳೆಯುವುದು ಜಾಸ್ತಿಯಾಯಿತು. ಕೆಲವೇ ವರ್ಷಗಳಲ್ಲಿ ಸಂಖ್ಯೆ ತುಂಬ ಇಳಿಯಿತು. ಹೊಸ ಔಷಧ ಬಂದು ಇಳಿದದ್ದಲ್ಲ ಅದು.

ನಮ್ಮ ದೇಶದ ಹೆಸರೂ ಒಂದು ಕಡೆ ಸೇರಿಕೊಂಡಿದೆ. 2008ರಲ್ಲಿ ಸ್ವೀಡನ್ನಿನಲ್ಲಿ ಭಾರತ ಮೂಲದ ಒಬ್ಬ ಪೇಶಂಟ್‌ನ ಮೂತ್ರದಲ್ಲಿ ಹೊಸ ಬಗೆಯ ಕ್ಲೆಬ್ಸಿಯೆಲ್ಲಾ ಸಿಕ್ಕಿತು. ಆತ ಮೊದಲು ದೆಹಲಿಯಲ್ಲಿ ಚಿಕಿತ್ಸೆ ಪಡೆದಿದ್ದ. ಆ ಬ್ಯಾಕ್ಟೀರಿಯಾ ತಯಾರಿಸುವ ಕಿಣ್ವಕ್ಕೆ ನವದೆಹಲಿಯ ಹೆಸರಿಟ್ಟು ಎನ್‌ಡಿಎಂ-1 ಎಂದರು. ಮೆರೊಪೆನೆಮ್‌ನಂಥ ದೊಡ್ಡ ಆಂಟಿಬಯೋಟಿಕ್ ಇಂಜೆಕ್ಷನ್‌ಗಳನ್ನೂ ಅದು ಒಡೆದು ಹಾಕುತ್ತದೆ. 2010ರಲ್ಲಿ ಈ ಸುದ್ದಿ ದೊಡ್ಡದಾದಾಗ ನಮ್ಮವರಿಗೆ ಹೆಸರಿನ ಬಗ್ಗೆ ವಿಪರೀತ ಸಿಟ್ಟು ಬಂತು. ಊರಿನ ಹೆಸರಿಟ್ಟದ್ದು ನನಗೂ ಸರಿ ಅನ್ನಿಸುವುದಿಲ್ಲ. ಆದರೆ ಆ ಜಗಳದಲ್ಲಿ ವಾರ್ಡಿನೊಳಗಿನ ಪೇಶಂಟ್ ಎಲ್ಲರಿಗೂ ಮರೆತೇ ಹೋದ. ಮೆರೊಪೆನೆಮ್ ಕೂಡ ನಡೆಯದಿದ್ದಾಗ ಡಾಕ್ಟರುಗಳು ಕೊಲಿಸ್ಟಿನ್ ಎಂಬ ತೀರಾ ಹಳೆಯ ಔಷಧದ ಕಡೆ ಹೋಗಬೇಕಾಗುತ್ತದೆ. ಕಿಡ್ನಿಗೆ ಹೊಡೆತ ಕೊಡುತ್ತದೆ ಅಂತ ಹಿಂದೆ ಪಕ್ಕಕ್ಕಿಟ್ಟಿದ್ದ ಔಷಧ ಅದು. ಅದನ್ನು ಕೋಳಿಗಳಿಗೂ ಹಾಕುತ್ತಿದ್ದರು. 2019ರಲ್ಲಿ ನಮ್ಮ ಸರ್ಕಾರ ಕೋಳಿಗಳಿಗೆ ಹಾಗೆ ಹಾಕುವುದನ್ನು ನಿಷೇಧಿಸಿತು. ಅದೇ 2019ರಲ್ಲಿ ಜಗತ್ತಿನಾದ್ಯಂತ ಇಂಥ ಮೊಂಡು ಬ್ಯಾಕ್ಟೀರಿಯಾಗಳಿಂದಲೇ ಸತ್ತವರು ಸುಮಾರು 12.7 ಲಕ್ಷ ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿತು.

ಎಮ್ಮೆಗೆ ಕೆಚ್ಚಲು ಬಾವು ಆದಾಗ ಆಂಟಿಬಯೋಟಿಕ್ ಹಾಕಿಸುತ್ತೀರಲ್ಲ, ಡಾಕ್ಟರ್ ಹೇಳಿದಷ್ಟು ದಿನ ಆ ಹಾಲನ್ನು ಬಳಸಬೇಡಿ, ಡೇರಿಗೂ ಹಾಕಬೇಡಿ. ಕೋಳಿಗಳ ಮಾತು ಬಂದಾಗ ಇದು ನೆನಪಾಯಿತು, ಅದಕ್ಕೇ ಬರೆದೆ.

ಈಗ ವೈನಿ, ನಿಮ್ಮ ವಿಷಯ.

ಇಲ್ಲಿ ಪೇಶಂಟಿನ ಮೈ ಒರೆಸುವುದು, ಮಗ್ಗುಲು ತಿರುಗಿಸುವುದು, ಮೂತ್ರದ ಚೀಲ ಖಾಲಿ ಮಾಡುವುದು, ಎಲ್ಲ ನಮ್ಮದೇ ಕೆಲಸ. ನಾವು ಕೈ ತೊಳೆದೆವೋ ಇಲ್ಲವೋ ಅಂತ ನೋಡಿ ಬರೆದುಕೊಳ್ಳಲು ಒಬ್ಬರು ಬರುತ್ತಾರೆ. ನಮ್ಮ ಕಡೆ ಇದರಲ್ಲಿ ಅರ್ಧ ಕೆಲಸ ಮನೆಯವರದು. ಆದರೆ ಮನೆಯವರಿಗೆ ಕೈ ತೊಳೆಯುವ ಪಾಠ ಹೇಳಿಕೊಡುವವರು ಯಾರೂ ಇಲ್ಲ. ನರ್ಸುಗಳಿಗೆ ಎಷ್ಟು ಹೇಳಿದರೂ, ರಾತ್ರಿ ಎರಡು ಗಂಟೆಗೆ ಅಪ್ಪನನ್ನು ಮುಟ್ಟುವ ಕೈ ನಿಮ್ಮದು. ಅದಕ್ಕೇ ನನ್ನ ಕೆಲಸದ ನಿಯಮಗಳನ್ನೇ ನಿಮಗೆ ಕೊಡುತ್ತಿದ್ದೇನೆ.

ಅಪ್ಪನನ್ನು ಮುಟ್ಟುವ ಮೊದಲು ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳಿ. ಬೆರಳ ಸಂದು, ಉಗುರಿನ ತುದಿ, ಹೆಬ್ಬೆರಳು ಬಿಡದೆ 20-30 ಸೆಕೆಂಡ್ ಉಜ್ಜಬೇಕು. ಮಂಚದ ಕಂಬಿ, ಪಕ್ಕದ ಟೇಬಲ್, ಪರದೆ ಮುಟ್ಟಿದ ಮೇಲೂ ಹಚ್ಚಿಕೊಳ್ಳಿ. ಅಸಿನೆಟೊಬ್ಯಾಕ್ಟರ್ ಅಂತ ಒಂದಿದೆ, ಒಣಗಿದ ಕಂಬಿಯ ಮೇಲೂ ವಾರಗಟ್ಟಲೆ ಬದುಕಿರುತ್ತದೆ. ಕೈಗೆ ಹೊಲಸು ಹತ್ತಿದ್ದು ಕಂಡರೆ, ಭೇದಿ ಶುರುವಾದರೆ, ಸ್ಯಾನಿಟೈಸರ್ ಸಾಲದು. ಸೋಪು ನೀರೇ ಬೇಕು. ಆಪರೇಷನ್ ಗಾಯದ ಪಟ್ಟಿ ಮಾತ್ರ ನೀವು ಬಿಚ್ಚಬೇಡಿ, ನೋಡಬೇಕು ಅನ್ನಿಸಿದರೂ ಬೇಡ.

ಮೂತ್ರದ ನಳಿಗೆ ಹಾಕಿದ್ದರೆ ಚೀಲ ಯಾವಾಗಲೂ ಅಪ್ಪನ ಸೊಂಟಕ್ಕಿಂತ ಕೆಳಗೆ ಇರಲಿ, ನೆಲಕ್ಕೆ ತಾಗದಿರಲಿ. ಖಾಲಿ ಮಾಡುವ ಪಾತ್ರೆ ಅಪ್ಪನಿಗೇ ಬೇರೆ ಇಡಿ, ಪಕ್ಕದವರದ್ದು ಬೇಡ. ಎಲ್ಲಕ್ಕಿಂತ ಮುಖ್ಯ, ರೌಂಡ್ಸ್‌ಗೆ ಡಾಕ್ಟರ್ ಬಂದಾಗ ದಿನವೂ ಕೇಳಿ: "ಸರ್, ಈ ನಳಿಗೆ ಇವತ್ತೂ ಬೇಕಾ?" ಬೇಡವಾದ ಮೇಲೂ ಉಳಿದ ನಳಿಗೆ ಬ್ಯಾಕ್ಟೀರಿಯಾಗೆ ಒಳದಾರಿ. ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ. ಸಿಟ್ಟಾದರೂ ಪರವಾಗಿಲ್ಲ, ಕೇಳಿ.

ಪಕ್ಕದ ಹಾಸಿಗೆಯ ಮುತ್ಯಾನಿಗೆ ನೀರು ಕುಡಿಸಬೇಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೂ ನೀವು ಕೇಳುವವರಲ್ಲ. ಕುಡಿಸಿ. ಹೋಗುವಾಗ ಒಮ್ಮೆ, ಬಂದ ಮೇಲೆ ಒಮ್ಮೆ ಸ್ಯಾನಿಟೈಸರ್, ಅಷ್ಟೇ.

ವಿಡಿಯೋ ಕಾಲ್‌ನಲ್ಲಿ ಅವ್ವ ಪ್ರತಿ ಸಲ "ಕೈಯಾಗ ಬಳಿ ಯಾಕಿಲ್ಲ?" ಅಂತ ಬೈಯುತ್ತಾಳೆ. ಇಲ್ಲಿ ಮೊಣಕೈಯಿಂದ ಕೆಳಗೆ ಏನೂ ಇರುವಂತಿಲ್ಲ. ಬಳೆ, ವಾಚು, ಉದ್ದ ತೋಳು, ಯಾವುದೂ ಇಲ್ಲ. ಮದುವೆಯ ಸಾದಾ ಉಂಗುರಕ್ಕೆ ಮಾತ್ರ ಒಪ್ಪಿಗೆ. ಬಳೆ ಇದ್ದರೆ ಮಣಿಕಟ್ಟು ಸರಿಯಾಗಿ ತೊಳೆಯಲು ಬರುವುದಿಲ್ಲ. ನೀವು ಬಳೆ ತೆಗೆಯಿರಿ ಅಂದರೆ ಅವ್ವ ನನ್ನನ್ನು ಬಿಡುವುದಿಲ್ಲ. ಮೇಲಕ್ಕೆ ಸರಿಸಿಕೊಂಡು ಮಣಿಕಟ್ಟಿನವರೆಗೂ ಉಜ್ಜಿ.

ಅಣ್ಣ, ನಿನ್ನ ಕೆಲಸ ಆಪರೇಷನ್‌ಗೆ ಮುಂಚೆಯೇ ಶುರು. ಅಪ್ಪನ ಶುಗರ್ ಹತೋಟಿಗೆ ಬರಲಿ. ಆ ಹುಳುಕು ಹಲ್ಲು ತೋರಿಸಿ. ಉರಿಮೂತ್ರ ಇದ್ದರೆ, ಕಾಲಿನಲ್ಲಿ ಹುಣ್ಣಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳು. ತಾರೀಖು ಮುಂದೆ ಹೋದರೂ ಹೋಗಲಿ. ಹತ್ತರಲ್ಲಿ ಸುಮಾರು ಮೂರು ಜನರ ಮೂಗಿನಲ್ಲಿ ಸ್ಟೆಫೈಲೋಕಾಕಸ್ ಆರಿಯಸ್ ಇರುತ್ತದೆ, ಎಲ್ಲವೂ ಮೊಂಡಲ್ಲ. ಅದರ ಪರೀಕ್ಷೆ ಮಾಡುತ್ತೀರಾ ಅಂತ ಕೇಳಿ ನೋಡು. ಇದ್ದರೆ ಮೂಗಿಗೆ ಹಚ್ಚುವ ಮುಲಾಮು ಇದೆ. ಮನೆಗೆ ಕ್ಷೌರದವನನ್ನು ಕರೆಸಿ ಕಾಲು ಬೋಳಿಸಬೇಡಿ. ಬ್ಲೇಡಿನಿಂದ ಕಣ್ಣಿಗೆ ಕಾಣದ ಗೀರುಗಳಾಗುತ್ತವೆ, ಬ್ಯಾಕ್ಟೀರಿಯಾ ಅಲ್ಲೇ ಸೇರುತ್ತದೆ. ಕೂದಲು ತೆಗೆಯಲೇಬೇಕಾದರೆ ದವಾಖಾನೆಯಲ್ಲಿ ಕ್ಲಿಪ್ಪರ್‌ನಿಂದ ತೆಗೆಯಲಿ.

ಈ ಮಧ್ಯೆ ಅಪ್ಪನಿಗೆ ನೆಗಡಿ ಬಂದರೆ ಕಾಕಾನ ಮೆಡಿಕಲ್ ಅಂಗಡಿಯಿಂದ ಅಜಿತ್ರೊಮೈಸಿನ್ ತಂದು ಕೊಡಬೇಡ. ನೆಗಡಿ ವೈರಸ್‌ನಿಂದ ಬರುವುದು. ಆ ಗುಳಿಗೆ ಅದನ್ನು ಮುಟ್ಟುವುದೇ ಇಲ್ಲ, ಕರುಳಿನಲ್ಲಿ ಮೊಂಡು ಬ್ಯಾಕ್ಟೀರಿಯಾಗಳನ್ನೇ ಆರಿಸಿ ಉಳಿಸುತ್ತದೆ. ಕಾಕಾನಿಗೆ ನಾನೇ ಬೇರೆ ಫೋನ್ ಮಾಡುತ್ತೇನೆ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವಂತಿಲ್ಲ ಅಂತ ಅವರಿಗೂ ಗೊತ್ತು. ಸೆಫಿಕ್ಸಿಮ್‌ನಂಥವು 2014ರಿಂದ ಎಚ್1 ಎಂಬ, ಲೆಕ್ಕ ಇಟ್ಟೇ ಮಾರಬೇಕಾದ ಔಷಧಗಳ ಪಟ್ಟಿಯಲ್ಲಿವೆ. ಡಾಕ್ಟರ ಹೆಸರು, ಪೇಶಂಟ್ ಹೆಸರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆದರೆ ಕಬ್ಬು ಕಡಿಯಲು ಬಂದವನು ಒಂದು ದಿನದ ಕೂಲಿ ಬಿಟ್ಟು ಡಾಕ್ಟರ ಬಾಗಿಲಲ್ಲಿ ಎಲ್ಲಿ ಕೂರುತ್ತಾನೆ? "ಕೊಡದಿದ್ರ ಬಿಡ್ರಿ, ಮುಂದಿನ ಅಂಗಡಿಗೆ ಹೋಗ್ತೀನಿ" ಅನ್ನುತ್ತಾನೆ. ಕಾಕಾನನ್ನೊಬ್ಬರನ್ನೇ ಬೈದು ಏನು ಪ್ರಯೋಜನ? ಕೇರಳದಲ್ಲಿ ಎಲ್ಲ ಅಂಗಡಿಗಳಿಗೂ ಒಟ್ಟಿಗೇ ಬಿಗಿ ಮಾಡಲು ಹೊರಟಿದ್ದಾರೆ. ಒಬ್ಬನೇ ಬಿಟ್ಟರೆ ಅವನ ಗಿರಾಕಿ ಹೋಗುತ್ತದೆ, ಎಲ್ಲರೂ ಬಿಟ್ಟರೆ ಯಾರದ್ದೂ ಹೋಗುವುದಿಲ್ಲ. ನಮ್ಮ ಮನೆಗೆ ಮಾತ್ರ ಕಾಕಾ ಚೀಟಿ ಇಲ್ಲದೆ ಕೊಡಬಾರದು, ಅಷ್ಟು ನಾನು ಹಟ ಹಿಡಿಯುತ್ತೇನೆ. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಕಂಡರೆ, ಡಾಕ್ಟರ್ ಬರೆಯದೆ ಮುಟ್ಟಬೇಡಿ.

ಆಪರೇಷನ್ ದಿನ ಕೊಯ್ಯುವ ಸ್ವಲ್ಪ ಮೊದಲು ಆಂಟಿಬಯೋಟಿಕ್ ಇಂಜೆಕ್ಷನ್ ಕೊಡುತ್ತಾರೆ. ಅದು ಬೇಕೇಬೇಕು. ಆಮೇಲೆ "ಇನ್ನೂ ಎಂಟು ದಿನಕ್ಕೆ ಬರೆದುಕೊಡಿ ಸರ್, ಧೈರ್ಯಕ್ಕೆ ಇರಲಿ" ಅಂತ ನೀನು ಕೇಳಬೇಡ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ, ಮುನ್ನೆಚ್ಚರಿಕೆಯ ಆಂಟಿಬಯೋಟಿಕ್ಕನ್ನು ಆಪರೇಷನ್ ಮುಗಿದ ಮೇಲೆ ಎಳೆಯಬೇಡಿ ಅಂತ. ದೇವರು ದೊಡ್ಡವನು, ಸೋಂಕು ಆಗದಿರಲಿ. ಜ್ವರ ಬಂದು ಔಷಧ ಬದಲಿಸುವ ಮಾತು ಬಂದರೆ "ಕಲ್ಚರ್‌ಗೆ ಕಳಿಸಿದ್ದೀರಾ ಸರ್?" ಅಂತ ಕೇಳು. ರಕ್ತ ಅಥವಾ ಕೀವಿನಿಂದ ಬ್ಯಾಕ್ಟೀರಿಯಾ ಬೆಳೆಸಿ, ಅದರ ಮೇಲೆ ಬೇರೆ ಬೇರೆ ಔಷಧದ ಬಿಲ್ಲೆ ಇಟ್ಟು ನೋಡುತ್ತಾರೆ. ಯಾವ ಬಿಲ್ಲೆಯ ಸುತ್ತ ಸಾಕಷ್ಟು ಅಗಲಕ್ಕೆ ಬ್ಯಾಕ್ಟೀರಿಯಾ ಬೆಳೆಯದೆ ಜಾಗ ಖಾಲಿ ಉಳಿದಿದೆಯೋ ಆ ಔಷಧ ನಡೆಯುತ್ತದೆ. ರಿಪೋರ್ಟಿನಲ್ಲಿ ಎಸ್ ಎಂದಿದ್ದರೆ ನಡೆಯುತ್ತದೆ, ಆರ್ ಎಂದಿದ್ದರೆ ಇಲ್ಲ. ಎರಡು ಮೂರು ದಿನ ಹಿಡಿಯಬಹುದು. ಜೋರು ಜ್ವರ, ಬಿಪಿ ಇಳಿತ ಇದ್ದರೆ ರಿಪೋರ್ಟಿಗೆ ಕಾಯದೆ ಔಷಧ ಶುರುಮಾಡುತ್ತಾರೆ, ಅದು ಸರಿಯೇ. ಮಾದರಿ ಮಾತ್ರ ಆದಷ್ಟೂ ಮೊದಲೇ ತೆಗೆದಿರಬೇಕು.

ಇನ್ನೊಂದು, ನೋಡಲು ಬರುವವರು. ಜಮಖಂಡಿಯ ಅತ್ತೆಯವರು ಆಗಲೇ ಕ್ರೂಸರ್ ಗೊತ್ತು ಮಾಡಿದ್ದಾರಂತೆ, ಮಕ್ಕಳೂ ಬರುತ್ತಾರಂತೆ. ಅಷ್ಟು ಜನ ಮಂಚದ ಮೇಲೆ ಕೂತು, ಕಾಲು ಮುಟ್ಟಿ ನೋಡಿ, ಬುತ್ತಿ ಬಿಚ್ಚಿದರೆ ವೈನಿ ಎಷ್ಟು ತೊಳೆದರೂ ಅಷ್ಟೇ. ಅತ್ತೆಗೆ ನೀನೇ ಫೋನ್ ಮಾಡು. ಅಪ್ಪ ಮನೆಗೆ ಬಂದ ಮೇಲೆ ಬರಲಿ, ಬೇಕಾದರೆ ವಾರವಿಡೀ ಇರಲಿ. ಬೇಜಾರಾದರೆ ನನ್ನ ಹೆಸರು ಹೇಳು, ದೂರ ಇರುವವಳನ್ನು ಬೈದುಕೊಳ್ಳಲಿ. ಗಾಡಿಗೆ ಅಡ್ವಾನ್ಸ್ ಕೊಟ್ಟಿದ್ದರೆ ಎಷ್ಟು ಅಂತ ಕೇಳಿ ತಿಳಿಸು, ನಾನು ಕಳಿಸುತ್ತೇನೆ.

ನಿನ್ನ ತಂಗಿ