ಉಪ್ಪಿಲು ಎಂದು ಬರೆದ ಹುಡುಗ

ಚಿರಂಜೀವಿ ಮೊಮ್ಮಗಳಿಗೆ ತಾತನ ಆಶೀರ್ವಾದಗಳು.

ನಿನ್ನ ಪತ್ರದ ಕೊನೆಯ ಎರಡು ಸಾಲು ಮೂರು ದಿನದಿಂದ ನನ್ನನ್ನು ನೆಮ್ಮದಿಯಾಗಿ ಕೂರಗೊಡುತ್ತಿಲ್ಲ. ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಜಾತಿ ಪ್ರಮಾಣಪತ್ರ ನೋಡಿದ ಗುಮಾಸ್ತರು ಸೋಲಿಗರೆಂದರೆ ಯಾರು ಎಂದು ಕೇಳಿದರೆಂದೂ, ನಿನಗೆ ಉತ್ತರ ತೋಚಲಿಲ್ಲವೆಂದೂ, ಮಗಳ ಕಾಲಕ್ಕೆ ಆ ಕಾಗದದ ಮೇಲಿನ ಮುದ್ರೆಯೊಂದೇ ಉಳಿಯುತ್ತದೆಯೇ ತಾತ ಎಂದೂ ಬರೆದಿದ್ದೀಯೆ. ನೀನು ಹೀಗೆ ಕೇಳಬೇಕಾಗಿ ಬಂದದ್ದರಲ್ಲಿ ನನ್ನ ಪಾಲೂ ಇದೆ ಎನ್ನುವುದು ನೆನಪಾಗಿ ಎರಡು ಸಲ ಪೆನ್ನು ಕೆಳಗಿಟ್ಟೆ.

1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದದ್ದನ್ನೂ, ಕಾಡಿನೊಳಗಿದ್ದ ನಮ್ಮ ಪೋಡುಗಳನ್ನು, ಅಂದರೆ ಹಾಡಿಗಳನ್ನು, ಎಬ್ಬಿಸಿದ್ದನ್ನೂ ನಿನ್ನ ಅಜ್ಜಿಯ ಬಾಯಲ್ಲಿ ಸಾಕಷ್ಟು ಕೇಳಿದ್ದೀಯೆ. ಆ ಮಾತು ಬೇಡ. ನಾನು ಹೇಳಬೇಕಾದದ್ದು ಬೆಂಕಿಯ ವಿಷಯ.

ನನ್ನ ಅಪ್ಪ ಚಳಿ ಇಳಿಯುವ ಹೊತ್ತಿಗೆ, ಹುಲ್ಲು ಪೂರ್ತಿ ಒಣಗುವ ಮೊದಲೇ, ತರಗು ಬೆಂಕಿ ಹಾಕುತ್ತಿದ್ದ. ಮೊಣಕಾಲೆತ್ತರಕ್ಕೂ ಏಳದ ಆ ಬೆಂಕಿ ತರಗೆಲೆಯನ್ನಷ್ಟೇ ತಿಂದು, ಮರದ ಬುಡವನ್ನು ಸವರಿಕೊಂಡು ಹೋಗಿ, ಸಂಜೆಯ ತಂಪಿಗೆ ತಾನಾಗಿ ಆರುತ್ತಿತ್ತು. ನಾನು ಹಸಿ ಸೊಪ್ಪಿನ ಕೊಂಬೆ ಹಿಡಿದು ಅವನ ಹಿಂದೆ ನಡೆಯುತ್ತಿದ್ದೆ. ಹೊಗೆ ತಾಗಿದರೆ ನೆಲ್ಲಿಮರದ ಕೊಂಬೆಗೆ ಅಂಟಿ ರಸ ಹೀರುವ ಉಪ್ಪಿಲು ಸಾಯುತ್ತದೆ, ನೆಲದಲ್ಲಿ ಲಂಟಾನ ತಲೆಯೆತ್ತುವುದಿಲ್ಲ ಎನ್ನುತ್ತಿದ್ದ. ಆಮೇಲೆ ಬೆಂಕಿ ಹಾಕುವುದು ಅಪರಾಧವಾಯಿತು. ಇವತ್ತು ಲಂಟಾನ ಆಳೆತ್ತರ ಬೆಳೆದು ನಿಂತಿದೆ, ನೆಲ್ಲಿಮರಗಳನ್ನು ಉಪ್ಪಿಲು ಒಣಗಿಸುತ್ತಿದೆ. ಸಂಶೋಧಕರು ನಮ್ಮವರನ್ನು ಕೂರಿಸಿಕೊಂಡು ತರಗು ಬೆಂಕಿಯ ವಿಷಯ ಬರೆದುಕೊಳ್ಳುವ ಕಾಲಕ್ಕೆ ಅಪ್ಪ ಇರಲಿಲ್ಲ.

ನಾನಿದ್ದೆ, ಆದರೆ ಅಷ್ಟರಲ್ಲಿ ಮೇಷ್ಟರಾಗಿದ್ದೆ. ಒಮ್ಮೆ ಮರಗಿಡಗಳ ಪಾಠದಲ್ಲಿ ಪೋಡಿನ ಹುಡುಗನೊಬ್ಬ ಉತ್ತರಪತ್ರಿಕೆಯಲ್ಲಿ ಉಪ್ಪಿಲು ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ, ಬಂದಳಿಕೆ ಎಂದು ತಿದ್ದಿ, ಹತ್ತು ಸಲ ಬರೆಸಿದೆ. ಆ ಪದ ಅವನಿಗೆಷ್ಟು ಗೊತ್ತಿತ್ತೋ ನನಗೂ ಅಷ್ಟೇ ಗೊತ್ತಿತ್ತು ಎನ್ನುವುದೇ ನನ್ನ ಸಂಕಟ. ನಮ್ಮ ಮಕ್ಕಳು ನಗೆಪಾಟಲಾಗಬಾರದು, ಊರಿನ ಮಕ್ಕಳಂತೆ ಶುದ್ಧವಾಗಿ ಮಾತಾಡಬೇಕು ಎಂದುಕೊಂಡಿದ್ದೆ. ನಿನ್ನ ಅಮ್ಮನನ್ನೂ ಮನೆಯಲ್ಲಿ ಹಾಗೆಯೇ ತಿದ್ದಿ ಬೆಳೆಸಿದೆ. ಗುಮಾಸ್ತರ ಮುಂದೆ ನಿನ್ನ ಬಾಯಿ ಕಟ್ಟಿದ್ದು ಅಲ್ಲಿಂದಲೇ ಇರಬೇಕು. ಆ ಹುಡುಗ ಈಗ ಫೈರ್ ವಾಚರ್. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುತ್ತಾನೆ. ದಾರಿಯಲ್ಲಿ ಸಿಕ್ಕರೆ ಇಂದಿಗೂ ನಮಸ್ಕಾರ ಸಾರ್ ಎನ್ನುತ್ತಾನೆ. ನನಗೆ ತಲೆಯೆತ್ತಲು ಆಗುವುದಿಲ್ಲ.

ಮುದ್ರೆಯೊಂದೇ ಉಳಿಯುತ್ತದೆಯೇ ಎಂದು ಕೇಳಿದೆಯಲ್ಲ, ಇಲ್ಲವೆಂದು ಧೈರ್ಯವಾಗಿ ಹೇಳಲು ನನ್ನಿಂದಾಗದು. ಆದರೂ ಎಲ್ಲ ಕಾಗದವೂ ಒಂದೇ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2011ರಲ್ಲಿ ನಮ್ಮ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಬಂತು. ಅದೇ ವರ್ಷ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಗಿತ್ತು. ಹುಲಿಯ ಕಾಡಿನೊಳಗೆ ಜನರಿಗೆ ಇಂಥ ಹಕ್ಕು ಕೊಟ್ಟದ್ದು ದೇಶದಲ್ಲೇ ಅದು ಮೊದಲು. ಜೇನು, ನೆಲ್ಲಿ, ಪಾಚಿ ಎತ್ತುವ ಹಕ್ಕನ್ನು ಆ ಕಾಗದ ಒಪ್ಪಿತು. ಅಂದು ನಾನೂ ಚಪ್ಪಾಳೆ ತಟ್ಟಿದೆ. ಈಗ ಯೋಚಿಸಿದರೆ, ರಾತ್ರಿ ಸೂಡಿ ಹಿಡಿದು ಹೆಜ್ಜೇನಿನ ಮರ ಹತ್ತುವವರು ನಮ್ಮ ಪೋಡಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂದು ಎಣಿಸಲು ಒಂದು ಕೈಯ ಬೆರಳು ಸಾಕು. ಹಕ್ಕು ಬಂತು, ಹತ್ತುವ ಕಾಲು ಹೋಯಿತು.

ಬುದ್ಧಿ ಹೇಳುವ ಅರ್ಹತೆ ನನಗಿಲ್ಲ. ಹೇಳದೆ ಇರಲೂ ಆಗುತ್ತಿಲ್ಲ. ಮಗುವಿನ ಬಾಯಲ್ಲಿ ನಮ್ಮ ಪದವೇನಾದರೂ ಬಂದರೆ ತಿದ್ದಬೇಡ. ಫೋನಿನಲ್ಲಿ ನಿನ್ನ ಅಜ್ಜಿಯ ಜೊತೆ ಮಾತಾಡುವಾಗ, ಆರೋಗ್ಯ ವಿಚಾರಿಸಿದ ಮೇಲೆ, ಒಂದು ಮರದ ಹೆಸರು ಕೇಳು. ಅವಳು ಬೈಯಬಹುದು, ಬೈಸಿಕೋ. ನಮ್ಮ ಕುಲದ ಯೆಲ್ಲೆ, ಅಂದರೆ ಕುಲದ ಪಾಲಿನ ಕಾಡು, ಎಲ್ಲಿಂದ ಎಲ್ಲಿಗೆ, ಅದರೊಳಗೆ ದೇವರ ಕಲ್ಲು ಎಲ್ಲಿದೆ ಎಂದು ನನ್ನನ್ನೇ ಕೇಳಿದರೂ ಆದೀತು, ಆದರೆ ನನಗೆ ಅರ್ಧ ಮರೆತಿದೆ. ಇನ್ನು ಆ ಗುಮಾಸ್ತರಿಗೆ ಏನು ಹೇಳಬಹುದಿತ್ತೆಂದು ನಾನೂ ಯೋಚಿಸಿದೆ. ನಮ್ಮ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ಬೆಟ್ಟದ ರಂಗನಾಥ ಮಿಕ್ಕವರಿಗೆಲ್ಲ ಸ್ವಾಮಿ, ನಮಗೆ ಭಾವ ಎಂದಿದ್ದರೆ ಅವರು ನಗುತ್ತಿದ್ದರೋ ಏನೋ. ನಕ್ಕರೂ ಮರೆಯುತ್ತಿರಲಿಲ್ಲ.

ಜೇನು ಇಳಿಸುವ ಕಾಲಕ್ಕೆ ಮಗುವನ್ನು ಕರೆದುಕೊಂಡು ಬಾ. ರಜೆ ಸಿಗುವುದಿಲ್ಲ ಎನ್ನುತ್ತೀಯೆ, ಗೊತ್ತು. ಎರಡು ದಿನವಾದರೂ ಸಾಕು. ಆ ಫೈರ್ ವಾಚರ್ ಹುಡುಗನಿಗೆ ಹೇಳಿದ್ದೇನೆ, ಉಪ್ಪಿಲು ಹತ್ತಿದ ನೆಲ್ಲಿಮರ ಯಾವುದೆಂದು ಅವನೇ ಮಗುವಿಗೆ ತೋರಿಸುತ್ತಾನೆ. ಚೆಕ್‌ಪೋಸ್ಟಿನಲ್ಲಿ ಹೊಸಬರಿದ್ದರೆ ಯಾರು, ಎಲ್ಲಿಗೆ ಎಂದು ಕೇಳುತ್ತಾರೆ. ಆ ಪ್ರಮಾಣಪತ್ರದ ಒಂದು ಪ್ರತಿ ಜೊತೆಗಿರಲಿ.

ನಿನ್ನ ತಾತ